ಫೋಟೊ ಹುಚ್ಚಿನವರಿಗೆ ಹಬ್ಬದ ಉಡುಗೊರೆ: ಮೂರು ಸಾವಿರದೊಳಗೆ ಏನು ಕೊಡಬಹುದು?

ಪ್ರಶ್ನೆ: ನಮ್ಮದು ಪುತ್ತೂರು. ದೀಪಾವಳಿಗೆ ತವರಿನಲ್ಲಿ ಎಲ್ಲರೂ ಸೇರುತ್ತೇವೆ. ಈ ಸಲ ಶರ್ಟು, ಸ್ವೀಟ್ ಬಾಕ್ಸ್ ಬಿಟ್ಟು ಬೇರೆ ಏನಾದರೂ ಕೊಡಬೇಕೆಂದಿದ್ದೇನೆ. ಮನೆಯಲ್ಲಿ ಮೂವರಿಗೆ ಫೋಟೊ ಹುಚ್ಚು. ತಮ್ಮ ಹಳೆಯ ಕ್ಯಾನನ್ 1500ಡಿ ಕೊಂಡಿದ್ದಾನೆ, ಅದರ ಜೊತೆಗೆ ಬಂದ ಒಂದೇ ಲೆನ್ಸ್ ಇದೆ. ಮೈಸೂರಿನಲ್ಲಿರುವ ಭಾವ ಹಕ್ಕಿ, ಹುಲಿ ಎಂದು ದೊಡ್ಡ ಲೆನ್ಸ್ ಹೊತ್ತು ಕಾಡು ಸುತ್ತುತ್ತಾರೆ. ಒಂಬತ್ತನೇ ತರಗತಿಯ ಮಗಳು ನನ್ನ ಮೊಬೈಲಿನಲ್ಲೇ ತೆಗೆಯುತ್ತಾಳೆ. ಒಬ್ಬೊಬ್ಬರಿಗೆ ಎರಡರಿಂದ ಮೂರು ಸಾವಿರ ರೂಪಾಯಿ ಖರ್ಚು ಮಾಡಬಲ್ಲೆ. ತಮ್ಮನ ಉಡುಗೊರೆಗೆ ಅಕ್ಕನೂ ಕೈಜೋಡಿಸಬಹುದು. ನನಗೆ ಕ್ಯಾಮೆರಾದ ಗಂಧಗಾಳಿ ಇಲ್ಲ. ಏನು ಕೊಳ್ಳಲಿ?

ಉತ್ತರ: ಕ್ಯಾಮೆರಾದ ಗಂಧಗಾಳಿ ಇಲ್ಲದವರು ಕೊಡುವ ಉಡುಗೊರೆಗಳಲ್ಲಿ ಮೊದಲ ಸ್ಥಾನ ಲೆನ್ಸಿನ ಆಕಾರದ ಕಾಫಿ ಲೋಟಕ್ಕೆ. ಫೋಟೊ ತೆಗೆಯುವವರ ಮನೆಯಲ್ಲಿ ಅದು ಈಗಾಗಲೇ ಒಂದೆರಡು ಇರುತ್ತದೆ, ಒಂದರಲ್ಲೂ ಕಾಫಿ ಕುಡಿಯುವುದಿಲ್ಲ, ಪೆನ್ನು ನಿಲ್ಲಿಸಿರುತ್ತಾರೆ. ಎರಡನೆಯ ಸ್ಥಾನ ಆನ್‌ಲೈನಿನಲ್ಲಿ ಸಿಗುವ 'ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ' ಮಾದರಿಯ ಕಿಟ್‌ಗೆ. ಗಾಳಿಗೆ ಅಲುಗುವ ಟ್ರೈಪಾಡ್, ಬಣ್ಣ ಬಣ್ಣದ ಫಿಲ್ಟರ್, ಲೆನ್ಸಿನ ಮೂತಿಗೆ ಸಿಕ್ಕಿಸುವ ವೈಡ್ ಗಾಜು, ಎಲ್ಲವೂ ಅದರಲ್ಲಿರುತ್ತವೆ. ಬಳಕೆಗೆ ಬರುವುದು ಒರೆಸುವ ಬಟ್ಟೆ ಮಾತ್ರ. ಇವೆರಡನ್ನೂ ಕೊಳ್ಳಬೇಡಿ.

ನಾನು ಕ್ಯಾಮೆರಾ ರಿಪೇರಿ ಮಾಡುವವನು. ಹವ್ಯಾಸಿಗಳ ಜೇಬು ಯಾವುದಕ್ಕೆ ಬಿಚ್ಚುತ್ತದೆ, ಯಾವುದಕ್ಕೆ ಬಿಚ್ಚುವುದಿಲ್ಲ ಎಂಬುದನ್ನು ನೋಡುತ್ತಲೇ ಇರುತ್ತೇನೆ. ಹೊಸ ಲೆನ್ಸ್ ಎಂದರೆ ವರ್ಷಗಟ್ಟಲೆ ಹಣ ಕೂಡಿಡುತ್ತಾರೆ. ಆದರೆ ಆ ಲೆನ್ಸನ್ನು ಕಾಪಾಡುವ ಮುನ್ನೂರು ರೂಪಾಯಿಯ ಸಾಮಾನು ಕೊಳ್ಳಲು ಮನಸ್ಸು ಬರುವುದಿಲ್ಲ. ಸಾವಿರಾರು ಫೋಟೊ ತೆಗೆಯುತ್ತಾರೆ, ಒಂದನ್ನೂ ಪ್ರಿಂಟ್ ಹಾಕಿಸುವುದಿಲ್ಲ. ಕಡಿಮೆ ಹಣದಲ್ಲಿ ಒಳ್ಳೆಯ ಉಡುಗೊರೆ ಕೊಡಬೇಕೆನ್ನುವವರಿಗೆ ದಾರಿ ಇರುವುದು ಈ ಎರಡು ಕಡೆಯಲ್ಲೇ: ಇರುವ ಕ್ಯಾಮೆರಾವನ್ನು ಉಳಿಸುವ ವಸ್ತು, ತೆಗೆದ ಚಿತ್ರವನ್ನು ಹೊರಗೆ ತರುವ ವಸ್ತು. ಚಿತ್ರವನ್ನು 'ಇನ್ನೂ ಚೆನ್ನಾಗಿ' ಮಾಡುವ ಸಾಧನಗಳ ಆಯ್ಕೆ ತೆಗೆಯುವವರಿಗೇ ಬಿಡುವುದು ಒಳ್ಳೆಯದು. ಅದರಲ್ಲಿ ಅವರ ರುಚಿ, ಹಟ, ಪೂರ್ವಗ್ರಹ ಎಲ್ಲ ಸೇರಿರುತ್ತವೆ.

ಏನನ್ನೇ ಕೊಳ್ಳುವ ಮೊದಲು ಸ್ವಲ್ಪ ಪತ್ತೇದಾರಿಕೆ ಬೇಕು. ತಮ್ಮ ಸ್ನಾನಕ್ಕೆ ಹೋದಾಗ ಅವನ ಕ್ಯಾಮೆರಾದ ಎರಡು ಫೋಟೊಗಳನ್ನು ನಿಮ್ಮ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಒಂದು, ಲೆನ್ಸಿನ ಮುಂಭಾಗದ ಉಂಗುರದ್ದು. ಅಲ್ಲಿ ಲೆನ್ಸಿನ ಹೆಸರಿನ ಜೊತೆಗೆ ಅಡ್ಡಗೆರೆ ಹೊಡೆದ ಸೊನ್ನೆಯಂಥ ಒಂದು ಚಿಹ್ನೆ, ಅದರ ಮುಂದೆ ಒಂದು ಅಂಕಿ ಇರುತ್ತದೆ. 1500ಡಿ ಜೊತೆಗೆ ಬರುವ 18-55 ಲೆನ್ಸಿನಲ್ಲಿ ಅದು 58. ಆ ಲೆನ್ಸಿಗೆ ಹಾಕುವ ಫಿಲ್ಟರು, ಮುಚ್ಚಳ ಎಲ್ಲವೂ 58 ಮಿಲಿಮೀಟರಿನದೇ ಆಗಿರಬೇಕು. ಲೆನ್ಸಿನ ಹೆಸರಿನಲ್ಲಿರುವ 18-55 ಕೂಡ ಮಿಲಿಮೀಟರೇ ಆದರೂ ಅದು ಲೆನ್ಸ್ ದೃಶ್ಯವನ್ನು ಎಷ್ಟು ಹತ್ತಿರಕ್ಕೆ ತರುತ್ತದೆ ಎಂಬುದರ ಅಳತೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂಗಡಿಯಲ್ಲಿ '55 ಮಿಲಿಮೀಟರ್ ಮುಚ್ಚಳ ಕೊಡಿ' ಎಂದು ಕೇಳಿ ತಂದು, ಹಬ್ಬದ ಮರುದಿನ ಹಿಂದಿರುಗಿಸುವವರು ಬಹಳ ಮಂದಿ. ಎರಡನೆಯದು, ಕೆಳಗಿನ ಬಾಗಿಲು ತೆರೆದು ಬ್ಯಾಟರಿಯ ಹೆಸರಿನ ಫೋಟೊ. ಈ ಎರಡಿದ್ದರೆ ಯಾವ ಅಂಗಡಿಯವರೂ ನಿಮಗೆ ತಪ್ಪು ಸಾಮಾನು ಕೊಡಲಾರರು.

ಈಗ ತಮ್ಮನ ಉಡುಗೊರೆಗೆ ಬರೋಣ. ನೀವು ಪುತ್ತೂರಿನವರು ಎಂದದ್ದರಿಂದ ನನ್ನ ಆಯ್ಕೆ ಸುಲಭವಾಯಿತು. ಅವನಿಗೆ ತೇವ ತಡೆಯುವ ಪೆಟ್ಟಿಗೆಯೊಂದನ್ನು ನೀವೇ ಸಿದ್ಧಪಡಿಸಿ ಕೊಡಿ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶ ಶೇಕಡಾ 80ಕ್ಕಿಂತ ಕೆಳಗೆ ಇಳಿಯುವ ದಿನಗಳೇ ಕಡಿಮೆ. ಚಪ್ಪಲಿಗೆ, ಬೆಲ್ಟಿಗೆ, ಗೋಡೆಯ ಫೋಟೊ ಫ್ರೇಮಿನ ಹಿಂಬದಿಗೆ ಬೂಷ್ಟು ಹಿಡಿಯುವುದನ್ನು ನೀವು ನೋಡಿಯೇ ಇರುತ್ತೀರಿ. ಅದೇ ಬೂಷ್ಟು ಲೆನ್ಸಿನ ಒಳಗಿನ ಗಾಜಿಗೂ ಹಿಡಿಯುತ್ತದೆ. ಅದರ ಬೀಜಕಣಗಳು ಗಾಳಿಯಲ್ಲಿ, ಲೆನ್ಸಿನೊಳಗಿನ ದೂಳಿನಲ್ಲಿ ಸದಾ ಇರುತ್ತವೆ. ತೇವ, ಕತ್ತಲೆ, ಅಲುಗದ ಗಾಳಿ ಈ ಮೂರೂ ಒಟ್ಟಿಗೆ ಸಿಕ್ಕರೆ ಮೊಳೆಯುತ್ತವೆ. ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಅಂಚಿನಿಂದ ಬಿಳಿಯ ಎಳೆಗಳು ಜೇಡರ ಬಲೆಯಂತೆ ಹಬ್ಬಿರುವುದು ಕಾಣುತ್ತದೆ. ಬೇಗ ಗೊತ್ತಾದರೆ ಬಿಚ್ಚಿ ಒರೆಸಬಹುದು. ತಡವಾದರೆ ಬೂಷ್ಟು ಸ್ರವಿಸುವ ಆಮ್ಲ ಗಾಜಿನ ಮೇಲಿನ ಲೇಪನವನ್ನು ತಿಂದುಹಾಕುತ್ತದೆ. ಆಮೇಲೆ ಬೂಷ್ಟು ಹೋದರೂ ಅದರ ಗುರುತು ಹೋಗುವುದಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಕರಾವಳಿಯಿಂದ, ಮಲೆನಾಡಿನಿಂದ ನನ್ನ ಮೇಜಿಗೆ ಬರುವ ಲೆನ್ಸ್‌ಗಳಲ್ಲಿ ಬಿದ್ದು ಒಡೆದವು ಕಡಿಮೆ, ಬೀರುವಿನಲ್ಲಿ ಜೋಪಾನವಾಗಿಟ್ಟು ಕೆಟ್ಟವೇ ಹೆಚ್ಚು. ಅದರಲ್ಲೂ ಬ್ಯಾಗಿನ ಸಮೇತ ಬೀರುವಿನಲ್ಲಿ ಇಟ್ಟವು. ಬ್ಯಾಗಿನ ಬಟ್ಟೆ, ಒಳಗಿನ ಸ್ಪಂಜು ತೇವವನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತವೆ.

ವಿದ್ಯುತ್ತಿನಿಂದ ನಡೆಯುವ ಡ್ರೈ ಕ್ಯಾಬಿನೆಟ್ ನಿಮ್ಮ ಬಜೆಟ್ಟಿಗೆ ನಿಲುಕುವುದಿಲ್ಲ. ಬೇಕಾಗಿಯೂ ಇಲ್ಲ. ಅಡುಗೆಮನೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ, ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಇದ್ದು ನಾಲ್ಕು ಕಡೆ ಕ್ಲಿಪ್ ಬೀಳುವ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬ ತನ್ನಿ. ಒಳಗೆ ಕಾಣುವಂತೆ ಪಾರದರ್ಶಕವಾಗಿದ್ದರೆ ಉತ್ತಮ. ಗಾಳಿ ಆಡುತ್ತದೆಯೇ ಎಂದು ತಿಳಿಯಲು ಒಂದು ಹಾಳೆಯ ಚೂರನ್ನು ಮುಚ್ಚಳಕ್ಕೆ ಸಿಕ್ಕಿಸಿ ಎಳೆದು ನೋಡಿ, ಸುಲಭವಾಗಿ ಜಾರಿ ಬಂದರೆ ಆ ಡಬ್ಬ ಬೇಡ. ಎರಡನೆಯದು ಸಿಲಿಕಾ ಜೆಲ್. ಬ್ಯಾಗು, ಶೂ ಕೊಂಡಾಗ ಬರುವ ಸಣ್ಣ ಪುಡಿಕೆಗಳಲ್ಲ, ಬಿಡಿಯಾಗಿ ಅರ್ಧ ಕಿಲೋ ಸಿಗುವ ಹರಳು. ಬಣ್ಣ ಬದಲಿಸುವ ಬಗೆಯದನ್ನೇ ಕೇಳಿ. ನೀಲಿಯದು ತೇವ ಕುಡಿದಾಗ ಗುಲಾಬಿಯಾಗುತ್ತದೆ, ಕಿತ್ತಳೆ ಬಣ್ಣದ್ದು ಹಸಿರಾಗುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣವಿರುವುದರಿಂದ ಮನೆಯಲ್ಲಿ ಮಕ್ಕಳಿದ್ದರೆ ಕಿತ್ತಳೆಯದೇ ಕ್ಷೇಮ. ಮೂರನೆಯದು ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಈ ಮೂರಕ್ಕೂ ಸೇರಿ ಸಾವಿರದಿಂದ ಸಾವಿರದ ಐನೂರು ರೂಪಾಯಿ ಆಗಬಹುದು.

ಜೋಡಿಸುವುದು ಹೀಗೆ. ಇನ್ನೂರೈವತ್ತು ಗ್ರಾಂ ಹರಳನ್ನು ತೆಳು ಹತ್ತಿಬಟ್ಟೆಯ ಚೀಲಕ್ಕೆ ಹಾಕಿ ಬಾಯಿ ಹೊಲಿಯಿರಿ. ಹರಳು ಒಂದಕ್ಕೊಂದು ಉಜ್ಜಿ ಉದುರುವ ಪುಡಿ ಲೆನ್ಸಿಗೆ ತಾಗಬಾರದು. ಡಬ್ಬದ ತಳಕ್ಕೆ ಸ್ಪಂಜು ಹಾಕಬೇಡಿ, ಮತ್ತೆ ಅದೇ ತೇವದ ಕಥೆ. ಒಳಗೆ ಮೀಟರ್ ಇಟ್ಟು ಮುಚ್ಚಿ ಒಂದು ದಿನ ಬಿಡಿ. ಶೇಕಡಾ 40ರಿಂದ 50ರ ನಡುವೆ ನಿಂತರೆ ಸರಿಯಾಗಿದೆ. 30ಕ್ಕಿಂತ ಕೆಳಗೆ ಇಳಿದರೆ ಹರಳು ಸ್ವಲ್ಪ ತೆಗೆಯಿರಿ, ಅತಿಯಾಗಿ ಒಣಗಿಸಿದರೆ ರಬ್ಬರಿಗೆ, ಒಳಗಿನ ಗ್ರೀಸಿಗೆ ಒಳ್ಳೆಯದಲ್ಲ. ಹರಳಿನ ಬಣ್ಣ ಬದಲಾದಾಗ ಓವನ್‌ನಲ್ಲಿ 120 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಸಿದ್ಧ. ಅಡುಗೆಗೆ ಬಳಸುವ ತಟ್ಟೆ ಬೇಡ, ಇದಕ್ಕೆಂದೇ ಹಳೆಯ ತಟ್ಟೆಯೊಂದನ್ನು ಮೀಸಲಿಡಲಿ. ಈ ಸೂಚನೆಗಳನ್ನು ನೀವೇ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ.

ಇಲ್ಲಿ ಮನೆಮದ್ದಿನವರು ನಡುವೆ ಬರುತ್ತಾರೆ. ಅಕ್ಕಿ ಹಾಕಿದರೆ ಸಾಲದೇ ಎನ್ನುತ್ತಾರೆ. ಸಾಲದು, ಅಕ್ಕಿ ತೇವ ಹೀರುವುದು ಅತ್ಯಲ್ಪ, ಅದರ ಹುಡಿ ಮಾತ್ರ ಎಲ್ಲ ಸಂದಿಗಳಿಗೂ ಹೋಗುತ್ತದೆ. ಕರ್ಪೂರ, ಡಾಂಬರು ಗುಳಿಗೆ ಹಾಕುವವರೂ ಇದ್ದಾರೆ. ಅವುಗಳ ಹತ್ತಿರ ಕ್ಯಾಮೆರಾ ಇಡಲೇಬಾರದು, ತೇವಾಂಶ ಶೇಕಡಾ 60 ಮೀರಿದ ಜಾಗದಲ್ಲೂ ಇಡಬಾರದು ಎಂದು ನಿಕಾನ್ ತನ್ನ ಕ್ಯಾಮೆರಾಗಳ ಕೈಪಿಡಿಯಲ್ಲೇ ಹೇಳುತ್ತದೆ. ಆ ಪುಟವನ್ನು ಯಾರೂ ಓದುವುದಿಲ್ಲ, ಅದು ಬೇರೆ ಮಾತು.

ಡಬ್ಬದೊಳಗೆ ಇನ್ನೂ ಎರಡು ಸಣ್ಣ ಸಾಮಾನು ಹಾಕಿ. ಕೈಯಲ್ಲಿ ಒತ್ತಿ ಗಾಳಿ ಊದುವ ರಬ್ಬರ್ ಬ್ಲೋವರ್ ಒಂದು, ಒಳ್ಳೆಯ ಮೈಕ್ರೋಫೈಬರ್ ಬಟ್ಟೆ ಎರಡು. ಮೊದಲು ಊದಿ ದೂಳು ಹಾರಿಸಬೇಕು, ಆಮೇಲೆ ಒರೆಸಬೇಕು. ನೇರವಾಗಿ ಶರ್ಟಿನ ಅಂಚಿನಿಂದ ಒರೆಸುವ ಅಭ್ಯಾಸವೇ ಮುಂದಿನ ಗಾಜಿನ ಸಣ್ಣ ಗೀರುಗಳಿಗೆಲ್ಲ ಮೂಲ. ಕಂಪ್ಯೂಟರಿಗೆ ಬಳಸುವ, ಡಬ್ಬಿಯಿಂದ ಸ್ಪ್ರೇ ಆಗುವ ಗಾಳಿ ಮಾತ್ರ ಬೇಡ. ಅದರ ಜೊತೆಗೆ ಹೊರಬರುವ ದ್ರವ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಬಿದ್ದರೆ ಕಲೆಯಾಗುತ್ತದೆ.

ಪೆಟ್ಟಿಗೆಯಾದ ಮೇಲೆ ಹಣ ಉಳಿದರೆ ಮೆಮೊರಿ ಕಾರ್ಡ್. ಇದು ಎಂದೂ ಹೆಚ್ಚಾಗದ ಉಡುಗೊರೆ, ಆದರೆ ನಕಲಿಗಳ ಕಾಟ ವಿಪರೀತ. 1500ಡಿಗೆ 64 ಜಿಬಿಯ ಎಸ್‌ಡಿ ಕಾರ್ಡ್ ಸಾಕು, ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ದೊಡ್ಡ 'ರಾ' ಕಡತಗಳಲ್ಲೇ ಎರಡು ಸಾವಿರದ ಆಸುಪಾಸು ಚಿತ್ರ ಹಿಡಿಯುತ್ತದೆ. ಕಾರ್ಡಿನ ಮೇಲೆ ದೊಡ್ಡದಾಗಿ 170, 200 ಎಂದು ಬರೆದಿರುವುದು ಸಾಮಾನ್ಯವಾಗಿ ಕಾರ್ಡಿನಿಂದ ಓದುವ ವೇಗ, ಬರೆಯುವ ವೇಗವಲ್ಲ. ನೀವು ಹುಡುಕಬೇಕಾದದ್ದು ಮೂಲೆಯಲ್ಲಿರುವ ವಿ30 ಎಂಬ ಗುರುತು. ಎಡೆಬಿಡದೆ ಬರೆಯುವಾಗಲೂ ಸೆಕೆಂಡಿಗೆ 30 ಎಂಬಿಗಿಂತ ಕೆಳಗೆ ಇಳಿಯುವುದಿಲ್ಲ ಎಂಬುದು ಅದರ ಭರವಸೆ. ಹಿಂಬದಿಯಲ್ಲಿ ಎರಡು ಸಾಲು ಚಿನ್ನದ ಪಟ್ಟಿ ಇರುವ ದುಬಾರಿ ಕಾರ್ಡುಗಳನ್ನು ಅಂಗಡಿಯವರು ತೋರಿಸಬಹುದು. ತಮ್ಮನ ಕ್ಯಾಮೆರಾ ಎರಡನೆಯ ಸಾಲನ್ನು ಮುಟ್ಟುವುದೂ ಇಲ್ಲ, ಆ ಹಣ ವ್ಯರ್ಥ.

ನಕಲಿ ಕಾರ್ಡಿನ ಕುತಂತ್ರ ಹೀಗಿರುತ್ತದೆ: ಒಳಗೆ ಇರುವುದು 8 ಅಥವಾ 16 ಜಿಬಿ, ಆದರೆ ಕ್ಯಾಮೆರಾಕ್ಕೆ, ಕಂಪ್ಯೂಟರಿಗೆ 512 ಎಂದು ಸುಳ್ಳು ಹೇಳುವಂತೆ ತಿದ್ದಿರುತ್ತಾರೆ. ಮೊದಲ ಕೆಲವು ನೂರು ಚಿತ್ರ ಸರಿಯಾಗಿಯೇ ಇರುತ್ತವೆ. ಆಮೇಲಿನವು ತೆರೆಯುವುದೇ ಇಲ್ಲ. ಅದು ಗೊತ್ತಾಗುವುದು ಯಾರದೋ ಮದುವೆಯ ಮರುದಿನ. ಆದ್ದರಿಂದ ಅಸಾಧ್ಯ ಎನಿಸುವ ಬೆಲೆಗೆ ಸಿಗುವ ಕಾರ್ಡ್ ಕೊಳ್ಳಬೇಡಿ, ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಮಾರುವವರ ಹೆಸರು ಓದಿ, ಬಿಲ್ ಇಟ್ಟುಕೊಳ್ಳಿ. ತಮ್ಮನಿಗೆ ಕೊಟ್ಟ ದಿನವೇ ಪರೀಕ್ಷಿಸಲು ಹೇಳಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ಲೆಕ್ಕ ಒಪ್ಪಿಸುತ್ತವೆ.

ಹೆಚ್ಚುವರಿ ಬ್ಯಾಟರಿಯೂ ಕೆಟ್ಟ ಆಯ್ಕೆಯಲ್ಲ. 1500ಡಿಯದು ಎಲ್‌ಪಿ-ಇ10. ಬೇರೆ ಕಂಪನಿಗಳ ಅಗ್ಗದ ಬ್ಯಾಟರಿಗಳೂ ನಡೆಯುತ್ತವೆ, ಆದರೆ ಎಷ್ಟು ಚಾರ್ಜ್ ಉಳಿದಿದೆ ಎಂಬುದನ್ನು ಕೆಲವು ಸರಿಯಾಗಿ ತೋರಿಸುವುದಿಲ್ಲ. ಫಿಲ್ಟರುಗಳ ವಿಷಯದಲ್ಲಿ ಅಂಗಡಿಯವರು 'ಯುವಿ', ಅಂದರೆ ನೇರಳಾತೀತ ಕಿರಣ ತಡೆಯುವ ಗಾಜು, ಹಾಕಿಸಿ ಎಂದು ಒತ್ತಾಯಿಸುತ್ತಾರೆ. ಡಿಜಿಟಲ್ ಕ್ಯಾಮೆರಾಕ್ಕೆ ಅದರಿಂದ ಸಿಗುವುದು ಮುಂದಿನ ಗಾಜಿಗೊಂದು ಮರೆ ಮಾತ್ರ. ಅಗ್ಗದ್ದಾದರೆ ದೀಪದ ಚಿತ್ರಗಳಲ್ಲಿ ಭೂತದಂತೆ ಎರಡನೆಯ ದೀಪವೂ ಮೂಡುತ್ತದೆ. ಫಿಲ್ಟರೇ ಕೊಡಬೇಕೆಂದಿದ್ದರೆ 58 ಮಿಲಿಮೀಟರಿನ ಪೋಲರೈಸರ್ ಕೊಡಿ. ಮಳೆ ನಿಂತ ಮೇಲೆ ಅಡಿಕೆ ತೋಟದ ಎಲೆಗಳ ಹೊಳಪನ್ನು ತೆಗೆದು ಅಡಿಯ ಹಸಿರನ್ನು ಕಾಣಿಸುವ ಕೆಲಸವನ್ನು ಅದು ಮಾಡುತ್ತದೆ, ಮೊಬೈಲಿನ ಎಡಿಟಿಂಗಿನಿಂದ ಆ ಪರಿಣಾಮ ತರಲಾಗುವುದಿಲ್ಲ.

ಅಕ್ಕನೂ ಕೈಜೋಡಿಸಿ, ಬಜೆಟ್ಟನ್ನು ಇನ್ನಷ್ಟು ಹಿಗ್ಗಿಸಿದರೆ ಸಾಧನಗಳ ಆಯ್ಕೆ ತೆಗೆಯುವವರಿಗೇ ಬಿಡಿ ಎಂದ ನನ್ನ ಮಾತಿಗೆ ಒಂದು ಲೆನ್ಸ್ ಮಾತ್ರ ಅಪವಾದ. ಕ್ಯಾನನ್ ಇಎಫ್ 50 ಮಿಲಿಮೀಟರ್ ಎಫ್ 1.8 ಎಸ್‌ಟಿಎಂ, 2015ರಲ್ಲಿ ಬಂದದ್ದು. ಹೊಸದು ಹತ್ತು ಸಾವಿರದ ಆಸುಪಾಸು, ಬಳಸಿದ್ದು ಅದಕ್ಕಿಂತ ಸಾಕಷ್ಟು ಕಡಿಮೆಗೆ ಸಿಗುತ್ತದೆ. ತಮ್ಮನ ಬಳಿ ಇರುವ ಲೆನ್ಸನ್ನು 55ಕ್ಕೆ ಹಿಗ್ಗಿಸಿದಾಗ ಬೆಳಕು ಒಳಬರುವ ಅದರ ಕಿಂಡಿ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). 1.8ರ ಕಿಂಡಿಯಲ್ಲಿ ಅದಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಬರುತ್ತದೆ. ಹಣತೆಯ ಬೆಳಕಿನಲ್ಲೇ ಫ್ಲ್ಯಾಷ್ ಇಲ್ಲದೆ ಅಜ್ಜಿಯ ಮುಖ ತೆಗೆಯಬಹುದು ಎಂದರೆ ದೀಪಾವಳಿಗೆ ಇದಕ್ಕಿಂತ ತಕ್ಕ ಲೆನ್ಸ್ ಇಲ್ಲ. ಅಂಗಡಿಯಲ್ಲಿ 'ಇಎಫ್' ಎಂದು ಸ್ಪಷ್ಟವಾಗಿ ಕೇಳಿ. ಅದೇ 50ರ 'ಆರ್‌ಎಫ್' ಆವೃತ್ತಿಯೂ ಇದೆ, ಅದು ಒಳಗೆ ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳಿಗೆ, 1500ಡಿಗೆ ಕೂರುವುದಿಲ್ಲ. ಬಳಸಿದ್ದನ್ನು ಕೊಳ್ಳುವಾಗ ಮೊಬೈಲಿನ ಟಾರ್ಚನ್ನು ಒಂದು ಕಡೆಯಿಂದ ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಂದೆರಡು ದೂಳಿನ ಚುಕ್ಕೆಗೆ ಹೆದರಬೇಡಿ, ಎಳೆ ಎಳೆಯಾಗಿ ಏನಾದರೂ ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಆ ಬೂಷ್ಟನ್ನು ತಂದು ಒಳ್ಳೆಯ ಲೆನ್ಸಿನ ಪಕ್ಕದಲ್ಲಿಡುವುದು ಎರಡಕ್ಕೂ ನಷ್ಟ.

ಇನ್ನು ಭಾವ. ದೊಡ್ಡ ಲೆನ್ಸ್ ಇರುವವರಿಗೆ ಮೂರು ಸಾವಿರದಲ್ಲಿ ಕೊಡುವಂಥ ಎಲೆಕ್ಟ್ರಾನಿಕ್ ಸಾಮಾನು ಏನೂ ಇಲ್ಲ, ಅವರ ಒಂದು ಕಾರ್ಡೇ ಅದಕ್ಕಿಂತ ದುಬಾರಿ ಇರಬಹುದು. ಆದರೆ ಅವರಿಗೆ ನೀವು ಹೊಲಿದು ಕೊಡಬಹುದಾದದ್ದು ಒಂದಿದೆ: ಬೀನ್‌ಬ್ಯಾಗ್. ಕೂರುವ ಬೀನ್‌ಬ್ಯಾಗ್ ಅಲ್ಲ, ಲೆನ್ಸ್ ಕೂರಿಸುವುದು. ಕಬಿನಿ, ಬಂಡೀಪುರದ ಸಫಾರಿ ಜೀಪಿನಲ್ಲಿ ಟ್ರೈಪಾಡ್ ನಿಲ್ಲಿಸಲು ಜಾಗವಿರುವುದಿಲ್ಲ. ಎರಡು ಕಿಲೋಗಿಂತ ಭಾರದ ಲೆನ್ಸನ್ನು ಮೂರು ಗಂಟೆ ಕೈಯಲ್ಲೇ ಹಿಡಿದರೆ ಹುಲಿ ಬರುವ ಹೊತ್ತಿಗೆ ತೋಳು ನಡುಗುತ್ತಿರುತ್ತದೆ. ಜೀಪಿನ ಕಂಬಿಯ ಮೇಲೆ ಕಾಳು ತುಂಬಿದ ಚೀಲ ಹಾಕಿ ಅದರ ಮೇಲೆ ಲೆನ್ಸ್ ಊರಿದರೆ ಅಲುಗಾಟ ನಿಲ್ಲುತ್ತದೆ.

ಹಳೆಯ ಜೀನ್ಸ್ ಬಟ್ಟೆ ಇದಕ್ಕೆ ಹೇಳಿ ಮಾಡಿಸಿದ್ದು. ಗಟ್ಟಿ, ಜಾರುವುದಿಲ್ಲ, ಬಣ್ಣ ಕಾಡಿನಲ್ಲಿ ಕಣ್ಣಿಗೆ ಹೊಡೆಯುವುದಿಲ್ಲ. ಒಂದೊಂದು ಚೀಲ ಸುಮಾರು ಒಂದಡಿ ಉದ್ದ, ಅರ್ಧ ಅಡಿ ಅಗಲ ಬರುವಂತೆ ಎರಡು ಹೊಲಿದು, ನಡುವೆ ನಾಲ್ಕು ಬೆರಳಿನಷ್ಟು ಅಗಲದ ಪಟ್ಟಿಯಿಂದ ಜೋಡಿಸಿ. ಕಂಬಿಯ ಆಚೆಗೊಂದು ಈಚೆಗೊಂದು ಇಳಿಬಿದ್ದು ಕೂರುತ್ತದೆ. ಒಳಗೆ ಬೇರೆ ತೆಳು ಚೀಲವಿರಲಿ, ಹೊರಚೀಲಕ್ಕೆ ಜಿಪ್ ಇರಲಿ. ಕಾಳು ತುಂಬಿಸಿ ಕೊಡಬೇಡಿ. ಖಾಲಿ ಚೀಲವಾದರೆ ಬ್ಯಾಗಿನ ಮೂಲೆಯಲ್ಲಿ ಮಡಚಿ ಒಯ್ಯಬಹುದು, ಕಾಡಿನ ಹತ್ತಿರದ ಊರಿನಲ್ಲಿ ಎರಡು ಮೂರು ಕಿಲೋ ಅಕ್ಕಿಯೋ ಹುರುಳಿಯೋ ಕೊಂಡು ತುಂಬಿಸಿಕೊಳ್ಳಬಹುದು. ಮುಕ್ಕಾಲು ತುಂಬಿದರೆ ಸಾಕು, ಬಿಗಿಯಾಗಿ ತುಂಬಿದರೆ ಲೆನ್ಸ್ ಅದರಲ್ಲಿ ಹುದುಗಿ ಕೂರುವುದಿಲ್ಲ. ಮನೆಗೆ ಬಂದ ಮೇಲೆ ಕಾಳನ್ನು ಅಕ್ಕ ಅಡುಗೆಗೆ ಬಳಸಬಹುದು, ಅವರು ಒಪ್ಪಿದರೆ. ಹಾಗೆಯೇ ಬಿಟ್ಟರೆ ಹುಳು ಬೀಳುತ್ತದೆ.

ಹೊಲಿಗೆಗೆ ಪುರುಸೊತ್ತಿಲ್ಲದಿದ್ದರೆ ತಲೆಗೆ ಕಟ್ಟುವ ಟಾರ್ಚ್ ಕೊಡಿ, ಕೆಂಪು ಬೆಳಕೂ ಇರುವಂಥದ್ದು. ಕತ್ತಲೆಗೆ ಹೊಂದಿಕೊಂಡ ಕಣ್ಣನ್ನು ಮಂದ ಕೆಂಪು ಬೆಳಕು ಅಷ್ಟಾಗಿ ಕೆಡಿಸುವುದಿಲ್ಲ. ನಸುಕಿನಲ್ಲಿ ಹೊರಡುವವರಿಗೆ, ಮಳೆಗಾಲದ ರಾತ್ರಿ ಕಪ್ಪೆ ಹುಡುಕುವವರಿಗೆ ಎರಡು ಕೈಯೂ ಖಾಲಿ ಇರುವುದೇ ದೊಡ್ಡ ಉಪಕಾರ. ಒಂದನ್ನು ಮಾತ್ರ ಕೊಡಬೇಡಿ: ಹಕ್ಕಿಯ ಕೂಗು ನುಡಿಸಿ ಹತ್ತಿರ ಕರೆಯಲೆಂದು ಬ್ಲೂಟೂತ್ ಸ್ಪೀಕರ್. ತನ್ನ ಜಾಗಕ್ಕೆ ಬೇರೊಂದು ಹಕ್ಕಿ ಬಂದಿದೆ ಎಂದು ತಿಳಿದು ಅದು ಮೊಟ್ಟೆ, ಮರಿ ಬಿಟ್ಟು ಓಡಿಬರುತ್ತದೆ. ಭಾವ ಅಂಥವರಲ್ಲ ಎಂದುಕೊಳ್ಳೋಣ, ಆದರೂ ಆಸೆ ಹುಟ್ಟಿಸುವ ಕೆಲಸ ನಮಗೇಕೆ?

ಮಗಳಿಗೆ ಈಗಲೇ ಕ್ಯಾಮೆರಾ ಬೇಕಾಗಿಲ್ಲ. ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್‌ಗಳೂ ಬೇಡ, ನಡುಭಾಗ ಬಿಟ್ಟು ಅಂಚೆಲ್ಲ ಕಲಸಿಹೋಗುತ್ತದೆ. ಮೊಬೈಲ್ ಹಿಡಿಕೆ ಇರುವ ಗಟ್ಟಿಯಾದ ಸಣ್ಣ ಟ್ರೈಪಾಡ್, ಜೊತೆಗೆ ದೂರದಿಂದ ಕ್ಲಿಕ್ಕಿಸುವ ಬ್ಲೂಟೂತ್ ಗುಂಡಿ, ಇವೆರಡೂ ಸೇರಿ ಸಾವಿರದೊಳಗೆ ಬರುತ್ತವೆ. ಹಿಡಿಕೆಯನ್ನು ಟ್ರೈಪಾಡಿನಿಂದ ಬಿಚ್ಚಲು ಬರುತ್ತದೆಯೇ ನೋಡಿ. ಅದರಡಿ ಟ್ರೈಪಾಡಿನ ತುದಿಯಲ್ಲಿ ಕಾಲು ಇಂಚಿನ ತಿರುಪು ಇದ್ದರೆ ಮುಂದೆ ಅವಳು ಕ್ಯಾಮೆರಾ ಕೊಂಡಾಗಲೂ ಅದೇ ಟ್ರೈಪಾಡ್ ಬಳಸಬಹುದು, ಜಗತ್ತಿನ ಹೆಚ್ಚುಕಡಿಮೆ ಎಲ್ಲ ಕ್ಯಾಮೆರಾಗಳ ತಳದಲ್ಲೂ ಇರುವುದು ಆ ತಿರುಪು ಕೂರುವ ತೂತೇ. ಬಿಳಿ ಥರ್ಮಾಕೋಲ್ ಹಾಳೆಯೊಂದನ್ನೂ ತನ್ನಿ. ಕಿಟಕಿಯ ಪಕ್ಕ ಕೂತವರ ಮುಖದ ಕತ್ತಲೆ ಬದಿಗೆ ಅದನ್ನು ಹಿಡಿದರೆ ಏನಾಗುತ್ತದೆ ಎಂದು ಅವಳೇ ನೋಡಲಿ.

ತಕ್ಷಣ ಪ್ರಿಂಟ್ ಕೊಡುವ ಇನ್‌ಸ್ಟ್ಯಾಕ್ಸ್ ಬಗೆಯ ಕ್ಯಾಮೆರಾ ಮಕ್ಕಳಿಗೆ ಬಲು ಇಷ್ಟ. ಆದರೆ ಅದರ ಬೆಲೆ ನಿಮ್ಮ ಮಿತಿಯನ್ನು ಮೀರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಿನಿ ಮಾದರಿಯಲ್ಲಿ 62ಕ್ಕೆ 46 ಮಿಲಿಮೀಟರಿನ ಒಂದೊಂದು ಚಿತ್ರಕ್ಕೂ ಫಿಲ್ಮಿನ ಖರ್ಚು ಬೀಳುತ್ತದೆ. ಹತ್ತು ಕ್ಲಿಕ್‌ಗೆ ಪೊಟ್ಟಣ ಖಾಲಿ. ಮುಂದಿನ ಪೊಟ್ಟಣಗಳ ಹಣ ಕೊಡಬೇಕಾದವರು ನೀವೇ ಎಂಬುದು ನೆನಪಿರಲಿ.

ಮೂವರಿಗೂ ಹೊಂದುವ, ನಾನು ಎಲ್ಲಕ್ಕಿಂತ ಮೇಲೆ ಇಡುವ ಉಡುಗೊರೆಯೆಂದರೆ ಅವರವರೇ ತೆಗೆದ ಚಿತ್ರದ ದೊಡ್ಡ ಪ್ರಿಂಟ್. ತಾನು ತೆಗೆದದ್ದನ್ನು ಕಾಗದದ ಮೇಲೆ, ಮೊಳದುದ್ದದ ಅಳತೆಯಲ್ಲಿ ನೋಡದೆ ಹತ್ತು ವರ್ಷ ಕಳೆದ ಹವ್ಯಾಸಿಗಳು ನನಗೆ ಗೊತ್ತು. ಪರದೆಯಲ್ಲಿ ಚೆನ್ನಾಗಿ ಕಂಡ ಚಿತ್ರದ ಮಬ್ಬು, ಓರೆಯಾದ ಗೆರೆ, ಮೂಲೆಯಲ್ಲಿ ಉಳಿದ ಬಕೆಟ್ ಎಲ್ಲವೂ ಪ್ರಿಂಟಿನಲ್ಲಿ ಬಯಲಾಗುತ್ತವೆ. ಮುಂದಿನ ಚಿತ್ರ ತೆಗೆಯುವಾಗ ಕಣ್ಣು ಬೇರೆಯಾಗಿರುತ್ತದೆ. ಯಾವ ಫಿಲ್ಟರೂ ಇಷ್ಟು ಕಲಿಸುವುದಿಲ್ಲ.

ಅಳತೆಯ ಲೆಕ್ಕ ಸರಳ. ಇಂಚಿಗೆ 300 ಚುಕ್ಕೆ ಎಂದು ಹಿಡಿದರೆ 24 ಮೆಗಾಪಿಕ್ಸೆಲ್ ಚಿತ್ರ, ಅಂದರೆ 6000ಕ್ಕೆ 4000 ಚುಕ್ಕೆ, 20ಕ್ಕೆ 13 ಇಂಚಿನವರೆಗೆ ಸ್ಫುಟವಾಗಿ ಬರುತ್ತದೆ. ತಮ್ಮನ ಚಿತ್ರಕ್ಕೆ 12ಕ್ಕೆ 18 ಇಂಚು ಧಾರಾಳ. ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರವೂ 13ಕ್ಕೆ 10 ಇಂಚಿನವರೆಗೆ ಹೋಗುತ್ತದೆ, ಮಗಳು ತನ್ನದನ್ನು ನೋಡಿ ಬೆರಗಾಗುತ್ತಾಳೆ. ಆಕಾರದ ಕಡೆಗೂ ಗಮನವಿರಲಿ. 1500ಡಿಯ ಚಿತ್ರ ಮೂರಕ್ಕೆ ಎರಡರ ಪ್ರಮಾಣದ್ದು, 8ಕ್ಕೆ 12 ಅಥವಾ 12ಕ್ಕೆ 18ರಲ್ಲಿ ಇಡಿಯಾಗಿ ಕೂರುತ್ತದೆ. ಮೊಬೈಲಿನದು ಸಾಮಾನ್ಯವಾಗಿ ನಾಲ್ಕಕ್ಕೆ ಮೂರು, ಅದಕ್ಕೆ 6ಕ್ಕೆ 8 ಅಥವಾ 9ಕ್ಕೆ 12 ಒಪ್ಪುತ್ತದೆ. ಸಿದ್ಧ ಫ್ರೇಮಿನ ಅಳತೆಗೆ ಚಿತ್ರವನ್ನು ಹೊಂದಿಸಲು ಹೋದರೆ ಲ್ಯಾಬಿನವರು ಯಾರದಾದರೂ ತಲೆ ಕತ್ತರಿಸುತ್ತಾರೆ.

ಚಿತ್ರದ ಕಡತ ಪಡೆಯುವುದೇ ಕಷ್ಟದ ಭಾಗ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದ್ದನ್ನು ಪ್ರಿಂಟಿಗೆ ಕೊಡಲೇಬೇಡಿ, ಕಳುಹಿಸುವಾಗಲೇ ಅದು ಕುಗ್ಗಿರುತ್ತದೆ. 'ಡಾಕ್ಯುಮೆಂಟ್' ಎಂದು ಕಳುಹಿಸಲು ಹೇಳಿ, ಅಥವಾ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ನೆಪಕ್ಕೇನು, ಕಚೇರಿಯ ಕ್ಯಾಲೆಂಡರಿಗೆ ಬೇಕು ಎನ್ನಿ. ಮ್ಯಾಟ್ ಕಾಗದ ಕೇಳಿ, ಹೊಳೆಯುವ ಕಾಗದದಲ್ಲಿ ಟ್ಯೂಬ್‌ಲೈಟ್ ಕಾಣುತ್ತದೆಯೇ ಹೊರತು ಚಿತ್ರ ಕಾಣುವುದಿಲ್ಲ. ಲ್ಯಾಬಿನವರು 'ಬಣ್ಣ ಸರಿಮಾಡಿ ಕೊಡುತ್ತೇವೆ' ಎಂದರೆ ಬೇಡವೆನ್ನಿ, ಎಲ್ಲರ ಮುಖವನ್ನೂ ಬೆಳ್ಳಗೆ ಮಾಡುವುದೇ ಅವರ ಸರಿಮಾಡುವಿಕೆ. ಪ್ರಿಂಟಿಗಿಂತ ಫ್ರೇಮಿಗೇ ಹೆಚ್ಚು ಖರ್ಚಾಗುತ್ತದೆ. ಗಾಜು ಚಿತ್ರಕ್ಕೆ ನೇರವಾಗಿ ಅಂಟಿಕೊಳ್ಳದಂತೆ ನಡುವೆ ದಪ್ಪ ಕಾಗದದ ಅಂಚು ಹಾಕಿಸಿ. ನಿಮ್ಮೂರಿನ ತೇವಕ್ಕೆ ಪ್ರಿಂಟ್ ಗಾಜಿಗೆ ಅಂಟಿತೆಂದರೆ ಹರಿಯದೆ ಬಿಡಿಸಲಾಗದು.

ಒಂದು ದಿನವನ್ನೇ ಉಡುಗೊರೆ ಕೊಡುವ ಮನಸ್ಸಿದ್ದರೆ, ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿಗೆ ತಮ್ಮನನ್ನೂ ಮಗಳನ್ನೂ ಕರೆದುಕೊಂಡು ಹೋಗಿ. 2023ರ ಫೆಬ್ರುವರಿಯಲ್ಲಿ ತೆರೆದದ್ದು, ಛಾಯಾಚಿತ್ರಗಳ ದೊಡ್ಡ ಸಂಗ್ರಹವಿದೆ. ತಮ್ಮನ ಹುಚ್ಚು ಇನ್ನೂ ಏರಿದರೆ 1971ರಿಂದ ನಡೆಯುತ್ತಿರುವ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯ ಸದಸ್ಯತ್ವವನ್ನು ಮುಂದಿನ ವರ್ಷದ ಉಡುಗೊರೆಗೆ ಯೋಚಿಸಬಹುದು. ತನ್ನ ಚಿತ್ರವನ್ನು ಗೊತ್ತಿಲ್ಲದವರ ಮುಂದಿಟ್ಟು ಬೈಸಿಕೊಳ್ಳುವ ಅವಕಾಶ ಮನೆಯಲ್ಲಿ ಸಿಗುವುದಿಲ್ಲ.

ಹಾಗಾಗಿ ನನ್ನ ಪಟ್ಟಿ ಇಷ್ಟು: ತಮ್ಮನಿಗೆ ತೇವ ತಡೆಯುವ ಪೆಟ್ಟಿಗೆ, ಬ್ಲೋವರ್, ಒಂದು ಕಾರ್ಡ್. ಭಾವನಿಗೆ ನೀವು ಹೊಲಿದ ಚೀಲ ಮತ್ತು ಅವರದೇ ಹಕ್ಕಿಯ ಫ್ರೇಮ್ ಹಾಕಿದ ಪ್ರಿಂಟ್. ಮಗಳಿಗೆ ಟ್ರೈಪಾಡ್, ಥರ್ಮಾಕೋಲ್, ಒಂದು ಪ್ರಿಂಟ್. ಪ್ರಿಂಟ್ ಮತ್ತು ಫ್ರೇಮಿನ ಕೆಲಸವನ್ನು ಹಬ್ಬಕ್ಕೆ ಹತ್ತು ದಿನ ಮೊದಲೇ ಲ್ಯಾಬಿಗೆ ಕೊಟ್ಟುಬಿಡಿ. ದೀಪಾವಳಿಯ ಬೆನ್ನಿಗೇ ಮದುವೆಗಳ ಕಾಲ ಶುರುವಾಗುತ್ತದೆ, ಆಮೇಲೆ ಲ್ಯಾಬಿನವರಿಗೆ ಆಲ್ಬಂ ಬಿಟ್ಟು ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಮೂವರ ಬಿಲ್ಲುಗಳನ್ನೂ ಒಂದು ಲಕೋಟೆಯಲ್ಲಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ, ಕಾರ್ಡಿನದು ಮಾತ್ರ ತಮ್ಮನ ಕೈಗೆ ಕೊಡಿ.